ಇಗರ್ಜಿಯ ಅಂಗಳಕ್ಕೆ ಬಿದ್ದ ಮಳೆ

(ಪುಣೆಯ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಹವಾಮಾನ ವೈಪರೀತ್ಯವನ್ನು ಕುರಿತು ನಾನು ಮಾತನಾಡಬೇಕೆಂದು ಕಾರ್ಯದರ್ಶಿಗಳು ದೂರವಾಣಿಯಲ್ಲಿ ಕೇಳಿದಾಗ ಒಂದು ಶರತ್ತನ್ನು ಮುಂದಿಟ್ಟೆ. ಭೂಮಂಡಲದ ವಿಷಯ ನನ್ನಿಂದಾಗದು, ನನಗೆ ಗೊತ್ತಿರುವುದು ನನ್ನ ಇಗರ್ಜಿಯ ಅಂಗಳ. ಅದರ ಬಗ್ಗೆ ಮಾತನಾಡಬಹುದಾದರೆ ಬರುತ್ತೇನೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, 'ಆಗಲಿ ಸಾರ್, ಅಂಗಳವೂ ಭೂಮಿಯೇ ಅಲ್ಲವೇ' ಎಂದರು. ಆ ಔದಾರ್ಯದ ಬಲದಿಂದ ಇಲ್ಲಿ ನಿಂತಿದ್ದೇನೆ.

ನನ್ನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನಲ್ಲಿ, ಕಥೋಲಿಕ ಕುಟುಂಬದಲ್ಲಿ. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಕೇಂದ್ರ ಸರ್ಕಾರದ ಲೆಕ್ಕಪತ್ರ ವಿಭಾಗ ಸೇರಿದವನು, 1996ರಿಂದ ಪುಣೆಯಲ್ಲಿದ್ದೇನೆ. ಇತರರು ಬರೆದ ಲೆಕ್ಕದಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಇಂದು ನಾನೇ ಬರೆದ ಒಂದು ಲೆಕ್ಕದ ತಪ್ಪನ್ನು ಹೇಳಲಿದ್ದೇನೆ.

ಪ್ಯಾರಿಷ್ ಎಂಬುದನ್ನು ಕನ್ನಡದಲ್ಲಿ ಧರ್ಮಕೇಂದ್ರ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಇಗರ್ಜಿ ಎಂದರೆ ಕಟ್ಟಡವೂ ಆಯಿತು, ಊರೂ ಆಯಿತು. ಹೊರಗಿನವರಿಗೆ ಅದು ಭಾನುವಾರ ಗಂಟೆ ಬಾರಿಸುವ ಸ್ಥಳವಾಗಿ ಮಾತ್ರ ಕಾಣಬಹುದು. ವಾಸ್ತವದಲ್ಲಿ ಅದೊಂದು ಸಣ್ಣ ತಾಲ್ಲೂಕು ಕಚೇರಿ. ಅದಕ್ಕೆ ಗಡಿ ಇದೆ, ವಾರ್ಡುಗಳಿವೆ, ನಮ್ಮೂರ ಕಡೆ ಪ್ರತಿ ವಾರ್ಡಿಗೂ ಒಬ್ಬ ಗುರ್ಕಾರ ಇರುತ್ತಾನೆ. ಹುಟ್ಟು, ಮದುವೆ, ಸಾವುಗಳ ದಫ್ತರು ಇದೆ. ಜಮೀನು, ಶಾಲೆ, ಸಭಾಂಗಣ, ಸ್ಮಶಾನ, ಬಾವಿ ಇವೆ. ಪ್ರತಿ ಧರ್ಮಕೇಂದ್ರದಲ್ಲೂ ಒಂದು ಹಣಕಾಸು ಸಮಿತಿ ಇರಲೇಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 537ನೆಯ ವಿಧಿ ಹೇಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಸರ್ಕಾರಿ ಇಲಾಖೆಯೂ ಸುತ್ತೋಲೆ ಕಳಿಸಿ ಕೂಡಿಸಲಾಗದಷ್ಟು ಜನ ಅಲ್ಲಿ ವಾರಕ್ಕೊಮ್ಮೆ ತಾವಾಗಿಯೇ ಕೂಡುತ್ತಾರೆ. ಇಷ್ಟೆಲ್ಲ ಸಲಕರಣೆ ಇರುವ ಸಂಸ್ಥೆ ಬದಲಾಗುತ್ತಿರುವ ಮಳೆ ಬಿಸಿಲುಗಳ ಮುಂದೆ ಏನು ಮಾಡುತ್ತಿದೆ, ಏನು ಮಾಡಬಹುದು ಎಂಬುದು ನನ್ನ ಪ್ರಶ್ನೆ.

ಬಾಲ್ಯದ ಒಂದು ಹಬ್ಬದಿಂದ ಆರಂಭಿಸುತ್ತೇನೆ. ಸೆಪ್ಟೆಂಬರ್ 8 ಮೇರಿಮಾತೆಯ ಜನ್ಮದಿನ. ಕರಾವಳಿಯ ಕೊಂಕಣಿ ಕಥೋಲಿಕರು ಅದನ್ನು ಮೊಂತಿ ಫೆಸ್ತ್ ಎನ್ನುತ್ತಾರೆ, ಕನ್ನಡದಲ್ಲಿ ತೆನೆ ಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ನಾವು ಮಕ್ಕಳು ಬೇಲಿಯ ಹೂವು, ಗುಡ್ಡದ ಹೂವು, ಸಿಕ್ಕಿದರೆ ನೆರೆಮನೆಯ ಹೂವು ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಬಾಲೆ ಮೇರಿಗೆ ಅರ್ಪಿಸುತ್ತಿದ್ದೆವು. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಪಾದ್ರಿಗಳು ಆಶೀರ್ವದಿಸಿ ಪ್ರತಿ ಕುಟುಂಬಕ್ಕೂ ಹಂಚುವರು. ಮನೆಯಲ್ಲಿ ಆ ಕಾಳನ್ನು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ, ಹಿರಿಯರಿಂದ ಮೊದಲ್ಗೊಂಡು ಎಲ್ಲರೂ ಸ್ವೀಕರಿಸಿದ ಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರದ ಊಟ. ತುಳುವರ ಪುದ್ದಾರ್, ಕೊಡವರ ಪುತ್ತರಿ, ನಮ್ಮ ತೆನೆ ಹಬ್ಬ ಇವೆಲ್ಲ ಒಂದೇ ಗದ್ದೆಯ ಬೆಳೆಗಳು. ರೋಮಿನಿಂದ ಬಂದ ಪಂಚಾಂಗವನ್ನು ನಮ್ಮ ಹಿರಿಯರು ಮುಂಗಾರಿನ ಪಂಚಾಂಗಕ್ಕೆ ಹೊಂದಿಸಿ ಹೊಲಿದರು. ಜೂನಿನಲ್ಲಿ ಮಳೆ ಬಂದರೆ ಸೆಪ್ಟೆಂಬರಿಗೆ ತೆನೆ.

ಕೆಲವು ವರ್ಷಗಳ ಹಿಂದೆ ಹಬ್ಬಕ್ಕೆಂದು ಊರಿಗೆ ಹೋಗಿದ್ದೆ. ತೆನೆ ಇತ್ತು, ಆದರೆ ದೂರದ ಇನ್ನೊಂದು ಊರಿನಿಂದ ವ್ಯಾನಿನಲ್ಲಿ ಬಂದಿತ್ತು. ನಮ್ಮ ವಾರ್ಡಿನ ಗದ್ದೆಗಳು ಅಡಿಕೆ ತೋಟಗಳಾಗಿ, ಉಳಿದವು ಮಣ್ಣು ತುಂಬಿಸಿಕೊಂಡು ನಿವೇಶನಗಳಾಗಿ ಬಹಳ ಕಾಲವಾಗಿದೆ. 'ಇದ್ದ ಎರಡು ಗದ್ದೆಯಲ್ಲೂ ಈ ಸಲ ನಾಟಿ ತಡವಾಯಿತು ಬಾಬಾ, ತೆನೆ ಇನ್ನೂ ಹಾಲಲ್ಲಿದೆ. ಮಾತೆಯ ಹುಟ್ಟುಹಬ್ಬವನ್ನು ಮುಂದೂಡಲಾಗುತ್ತದೆಯೇ?' ಎಂದರು ಎಂಬತ್ತು ದಾಟಿದ ಹಳೆಯ ಗುರ್ಕಾರರು. ಅವರು ನಗೆಗಾಗಿಯೇ ಹೇಳಿದ್ದು. ನಾನೂ ನಕ್ಕೆ. ರಾತ್ರಿ ಬಸ್ಸಿನಲ್ಲಿ ಪುಣೆಗೆ ಮರಳುವಾಗ ಮಾತ್ರ ಆ ಪ್ರಶ್ನೆ ಜೊತೆಯಲ್ಲೇ ಕುಳಿತಿತ್ತು.

ಈ ಪ್ರಶ್ನೆಗೆ ಉತ್ತರ ಹುಡುಕಲು ಪುಣೆಗಿಂತ ಒಳ್ಳೆಯ ಊರಿಲ್ಲ. ಹವಾಮಾನ ಇಲಾಖೆಯ ಶಿಮ್ಲಾ ಕಚೇರಿ 1928ರಲ್ಲಿ ಇಲ್ಲಿಗೆ ಬಂತು. ಹಳಬರು ಆ ಕಟ್ಟಡವನ್ನು ಈಗಲೂ ಶಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. ಪಾಷಾಣದಲ್ಲಿ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳ ನೇತೃತ್ವದಲ್ಲಿ 2020ರಲ್ಲಿ ಹೊರಬಂದ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ಮುಂಗಾರು ಮಳೆ ಒಟ್ಟಾರೆ ಸುಮಾರು ಶೇಕಡ 6ರಷ್ಟು ಇಳಿದಿದೆ. ಮಳೆಯ ಮೊತ್ತ ಇಳಿದರೂ ಅದರ ಆರ್ಭಟ ಇಳಿದಿಲ್ಲ. ಮಧ್ಯ ಭಾರತದ ಉದ್ದಗಲಕ್ಕೆ ವ್ಯಾಪಿಸುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿದವೆಂದು ಇದೇ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಇಲಾಖೆ ತನ್ನ ಪಂಚಾಂಗವನ್ನೇ ತಿದ್ದಬೇಕಾಯಿತು: ವಾಯವ್ಯದಿಂದ ಮುಂಗಾರು ಹಿಂದೆ ಸರಿಯಲಾರಂಭಿಸುವ ವಾಡಿಕೆಯ ದಿನ ಸೆಪ್ಟೆಂಬರ್ 1 ಇದ್ದದ್ದು 2020ರಲ್ಲಿ ಸೆಪ್ಟೆಂಬರ್ 17 ಆಯಿತು. ಒಂದು ಸರ್ಕಾರಿ ಇಲಾಖೆ ತನ್ನ ಹಳೆಯ ತಾರೀಖನ್ನು ತಿದ್ದುತ್ತದೆಂದರೆ ಅದರ ಹಿಂದೆ ಎಷ್ಟು ಕಡತಗಳು ಓಡಾಡಿರಬೇಕೆಂಬುದು ನನ್ನಂಥವನಿಗೆ ಗೊತ್ತು. ಗುರ್ಕಾರರ ಮಾತು ಬರಿಯ ನಗೆಯ ಮಾತಾಗಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಸದಸ್ಯನಾಗಿರುವ ಧರ್ಮಕೇಂದ್ರದ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅದೊಂದರ ಮೇಲೆ ಮಾತ್ರ ದೋಷ ಹೊರಿಸಿದಂತಾಗುತ್ತದೆ. 2016ರಲ್ಲಿ ಅಲ್ಲಿ ಒಂದು ದೊಡ್ಡ ಹಬ್ಬವಿತ್ತು. ಅಂಗಳ ಮಣ್ಣಿನದು, ಮಳೆಗಾಲದಲ್ಲಿ ಕೆಸರು. ಮದುವೆಗೆ ಬಂದವರ ಸೀರೆಯ ಅಂಚು, ಹಿರಿಯರ ಕಾಲು, ಸ್ಕೂಟರುಗಳ ನಿಲುಗಡೆ, ಎಲ್ಲ ಕಾರಣಗಳೂ ನ್ಯಾಯವಾದವೇ. ಹಣಕಾಸು ಸಮಿತಿಯಲ್ಲಿದ್ದ ನಾನೇ ಪ್ರಸ್ತಾವ ಬರೆದೆ: ಇಡೀ ಅಂಗಳಕ್ಕೆ ಪೇವರ್ ಬ್ಲಾಕ್, ಕೆಳಗೆ ಕಾಂಕ್ರೀಟು, ಅಡ್ಡವಾಗಿದ್ದ ಎರಡು ಮರಗಳ ತೆರವು, ಬಳಕೆಯಲ್ಲಿಲ್ಲದ ಹಳೆಯ ಬಾವಿಗೆ ಚಪ್ಪಡಿ. ಮೂರು ದರಪಟ್ಟಿ ತರಿಸಿ ಅತಿ ಕಡಿಮೆಯದನ್ನು ಒಪ್ಪಿದೆವು. ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಒಂದು ಆಕ್ಷೇಪಣೆಗೂ ಎಡೆಯಿಲ್ಲದ ಕಡತ ಅದು. ನೀರು ಎಲ್ಲಿಗೆ ಹೋಗುತ್ತದೆ ಎಂಬ ಅಂಕಣ ಮಾತ್ರ ಅದರಲ್ಲಿರಲಿಲ್ಲ.

2019ರ ಸೆಪ್ಟೆಂಬರ್ 25ರ ರಾತ್ರಿಯನ್ನು ಇಲ್ಲಿರುವ ಬಹುತೇಕರು ಮರೆತಿರಲಾರರು. ಕಾತ್ರಜ್ ಕಡೆಯಿಂದ ಹರಿದು ಬರುವ ಆಂಬಿಲ್ ಓಢಾ ಒಂದೆರಡು ಗಂಟೆಗಳ ಮಳೆಗೆ ಉಕ್ಕಿ ಗೋಡೆಗಳನ್ನು ಕೆಡವಿ, ವಾಹನಗಳನ್ನು ಬೆಂಕಿಪೊಟ್ಟಣಗಳಂತೆ ಒಂದರ ಮೇಲೊಂದು ಹೇರಿ, ಇಪ್ಪತ್ತಕ್ಕೂ ಹೆಚ್ಚು ಜೀವಗಳನ್ನು ಒಯ್ದಿತು. ಇದೇ ಕಾತ್ರಜ್‌ನಿಂದ ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರು ನೆಲದಡಿಯ ಕಾಲುವೆ ಕಟ್ಟಿಸಿ ಪೇಟೆಯ ಹೌದುಗಳಿಗೆ ನೀರು ತಂದಿದ್ದರು. ಅದೇ ಶತಮಾನದ ಕೊನೆಯ ದಶಕದಲ್ಲಿ ಸವಾಯಿ ಮಾಧವರಾವ್ ಪೇಶ್ವೆಯವರು ಕೊಟ್ಟ ಜಾಗದಲ್ಲಿಯೇ ಪುಣೆಯ ಮೊದಲ ಕಥೋಲಿಕ ಇಗರ್ಜಿ, ಇಂದಿನ ಸಿಟಿ ಚರ್ಚ್, ಎದ್ದಿತು. ನೀರನ್ನೂ ನೆರೆಯವರನ್ನೂ ನಡೆಸಿಕೊಳ್ಳುವುದನ್ನು ಬಲ್ಲ ಊರಾಗಿತ್ತು ಇದು.

ನಮ್ಮ ಧರ್ಮಕೇಂದ್ರ ಆ ಹಳ್ಳದ ದಂಡೆಯಲ್ಲಿಲ್ಲ. ಆದರೂ ಆ ರಾತ್ರಿ ನಮ್ಮ ಹಿಂಬದಿಯ ಗಲ್ಲಿಯಲ್ಲಿ ಮೊಣಕಾಲೆತ್ತರ ನೀರು. ಹನ್ನೊಂದರ ಸುಮಾರಿಗೆ ಸಭಾಂಗಣವನ್ನು ತೆರೆಯಲು ಹೋದೆವು. ಕೀಲಿ ಇದ್ದವರು ಊರಲ್ಲಿರಲಿಲ್ಲ. ಬೀಗ ಒಡೆದು ಜನರನ್ನು ಒಳಗೆ ಕರೆದೆವು. ಶೌಚಾಲಯದಲ್ಲಿ ನೀರಿಲ್ಲ, ಪಂಪಿಗೆ ವಿದ್ಯುತ್ತಿಲ್ಲ, ಬಾವಿಯ ಮೇಲೆ ನಾವೇ ಹಾಕಿಸಿದ ಚಪ್ಪಡಿ. ಹೊರಗೆ ಜಲಪ್ರಳಯ, ಒಳಗೆ ಕುಡಿಯಲು ನೀರಿಲ್ಲ. ಬೆಳಗಿನ ಜಾವ ಚಹಾ ಹಂಚುವಾಗ, ಮಗುವನ್ನು ಸೊಂಟದಲ್ಲಿಟ್ಟುಕೊಂಡಿದ್ದ ಒಬ್ಬ ಹೆಂಗಸು ಮರಾಠಿಯಲ್ಲಿ, ಸಿಟ್ಟಿಲ್ಲದೆ, ನಡೆದದ್ದನ್ನು ವರದಿ ಮಾಡುವ ಧ್ವನಿಯಲ್ಲಿ ಹೇಳಿದಳು: 'ಸಾಹೇಬರೇ, ಮೂರು ವರ್ಷದಿಂದ ನಿಮ್ಮ ಅಂಗಳದ ನೀರೇ ನಮ್ಮ ಮನೆಗೆ ಬರುತ್ತಿದೆ. ಮೊದಲು ಬರುತ್ತಿರಲಿಲ್ಲ.' ಮೂವತ್ತು ವರ್ಷದ ಸೇವೆಯಲ್ಲಿ ನಾನು ಬರೆದ, ಪಡೆದ ಯಾವ ಆಕ್ಷೇಪಣೆಯೂ ಇಷ್ಟು ಚಿಕ್ಕದಾಗಿರಲಿಲ್ಲ. ಅದಕ್ಕೆ ಕೊಡಬಹುದಾದ ಸಮಜಾಯಿಷಿಯೂ ನನ್ನ ಬಳಿ ಇರಲಿಲ್ಲ.

ಇದಕ್ಕೆ ನಾಲ್ಕು ವರ್ಷ ಮೊದಲೇ, 2015ರಲ್ಲಿ, ಪೋಪ್ ಫ್ರಾನ್ಸಿಸ್ ಅವರ 'ಲೌದಾತೊ ಸೀ' ಎಂಬ ಪರಿಪತ್ರ ಹೊರಬಂದಿತ್ತು. ಪರಿಪತ್ರವೆಂದರೆ ನಮ್ಮ ಕಚೇರಿಯದರಂತೆ ಒಂದು ಪುಟದ್ದಲ್ಲ; 246 ಪರಿಚ್ಛೇದಗಳ ಗ್ರಂಥ. ಭೂಮಿಯ ಅಳಲೂ ಬಡವನ ಅಳಲೂ ಒಂದೇ ಎಂಬುದು ಅದರ ತಿರುಳು. ಹವಾನಿಯಂತ್ರಕಗಳ ವಿವೇಚನೆಯಿಲ್ಲದ ಬಳಕೆಯನ್ನೂ ಅದು ಹೆಸರಿಸಿ ಹೇಳುತ್ತದೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಅವಧಿಯನ್ನು ಸೃಷ್ಟಿಯ ಕಾಲವೆಂದು ಧರ್ಮಸಭೆ ಆಚರಿಸುತ್ತದೆ. ನಮ್ಮ ತೆನೆ ಹಬ್ಬ ಅದರ ಒಳಗೇ ಬರುತ್ತದೆ, ಸೆಪ್ಟೆಂಬರ್ 25ರ ಆ ರಾತ್ರಿಯೂ ಬಂತು. 2016ರ ನಮ್ಮ ಸಮಿತಿಯ ಸಭೆಯಲ್ಲಿ ಆ ಪರಿಪತ್ರದ ಪ್ರತಿ ಕಪಾಟಿನಲ್ಲಿತ್ತು. ನಾನೇ ಖರೀದಿಸಿ ವೋಚರು ಹಾಕಿದ್ದೆ. ಒಳ್ಳೆಯ ಪ್ರವಚನಗಳೂ ನಡೆದಿದ್ದವು. ಸಸಿ ನೆಟ್ಟು ಛಾಯಾಚಿತ್ರ ತೆಗೆಸಿಕೊಂಡಿದ್ದೆವು. ಬೇಸಿಗೆಯಲ್ಲಿ ಅದಕ್ಕೆ ನೀರೆರೆಯುವವರ ಹೆಸರು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ನನ್ನ ವಾದವಿಷ್ಟೇ. ಧರ್ಮಕೇಂದ್ರಗಳಿಗೆ ಇಂದು ಕೊರತೆಯಿರುವುದು ಬೋಧನೆಗಲ್ಲ, ಲೆಕ್ಕದ ಪುಸ್ತಕಕ್ಕೆ. ಕಾಣಿಕೆ ಡಬ್ಬಿಯ ಚಿಲ್ಲರೆಯನ್ನು ನಾಣ್ಯ ನಾಣ್ಯವಾಗಿ ಎಣಿಸುವ ನಾವು ಮಾಡಿನಿಂದ ಬೀಳುವ ನೀರನ್ನು ಎಣಿಸಿಲ್ಲ. ಒಂದು ಸಣ್ಣ ಗಣಿತ ನೋಡಿ. ಇಗರ್ಜಿ, ಸಭಾಂಗಣಗಳ ಮಾಡು ಸೇರಿ 600 ಚದರ ಮೀಟರ್ ಎಂದಿಟ್ಟುಕೊಳ್ಳಿ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಗುಣಿಸಿದರೆ 4 ಲಕ್ಷ 20 ಸಾವಿರ ಲೀಟರ್; ಐದನೆಯ ಒಂದು ಪಾಲು ಪೋಲಾಯಿತೆಂದರೂ ಹತ್ತು ಸಾವಿರ ಲೀಟರಿನ ಮೂವತ್ತಮೂರು ಟ್ಯಾಂಕರು. ಮಂಗಳೂರಿನ ಕಡೆಯಾದರೆ ಇದರ ಐದು ಪಟ್ಟು. ನಾವು ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ತೆತ್ತು, ಮಳೆಗಾಲದಲ್ಲಿ ಆ ಮೂವತ್ತಮೂರು ಟ್ಯಾಂಕರನ್ನು ಹಿಂಬದಿಯ ಗಲ್ಲಿಗೆ ಉಚಿತವಾಗಿ ಕಳಿಸುತ್ತಿದ್ದೆವು.

2021ರಲ್ಲಿ ಆರು ಪಟ್ಟಿಗಳಷ್ಟು ಜಾಗದಲ್ಲಿ ಬ್ಲಾಕುಗಳನ್ನು ಕಿತ್ತೆವು, ಚಪ್ಪಡಿ ತೆಗೆದು ಬಾವಿಯ ಹೂಳೆತ್ತಿಸಿದೆವು, ಮಾಡಿನ ನೀರನ್ನು ಮರಳು ಜಲ್ಲಿಯ ಸೋಸುಗುಂಡಿಯ ಮೂಲಕ ಅದಕ್ಕೆ ಬಿಟ್ಟೆವು. ವಿರೋಧ ಬಂತು. 'ಹಾಕಿಸಿದ್ದೂ ನೀವೇ, ಕೀಳಿಸುವುದೂ ನೀವೇ' ಎಂದು ಒಬ್ಬರು ಸಭೆಯಲ್ಲಿ ಹೇಳಿದರು, ನಿಜವೇ. ಬಾವಿಯಲ್ಲಿ ಈಗ ಮಾರ್ಚ್‌ವರೆಗೆ ನೀರಿರುತ್ತದೆ, ಏಪ್ರಿಲ್ ಮೇ ತಿಂಗಳುಗಳಲ್ಲಿ ಟ್ಯಾಂಕರ್ ಬರುತ್ತದೆ. ಗಲ್ಲಿಗೆ ನೀರು ಹೋಗುವುದು ಕಡಿಮೆಯಾಗಿದೆ, ನಿಂತಿಲ್ಲ. ಸಭಾಂಗಣದ ಕೀಲಿ ಮೂರು ಮನೆಗಳಲ್ಲಿದೆ, ಒಂದು ಆ ಗಲ್ಲಿಯ ಮನೆಯಲ್ಲಿ. ಆರು ಪಟ್ಟಿಗಳ ಪೈಕಿ ಮೂರರ ಮೇಲೆ ವಾಹನ ನಿಲುಗಡೆಗೆಂದು ಮತ್ತೆ ಬ್ಲಾಕು ಬಂದಿದೆ. ನನ್ನ ಸದಸ್ಯತ್ವದ ಅವಧಿ ಮುಗಿದಿದ್ದ ಎರಡು ವರ್ಷಗಳಲ್ಲಿ ಅದು ನಡೆಯಿತು.

ಇಷ್ಟು ಸಣ್ಣ ಕೆಲಸದಿಂದ ಆಕಾಶದ ತಾಪ ಇಳಿಯುವುದೇ ಎಂದು ಮಿತ್ರರೊಬ್ಬರು ಕೇಳಿದರು. ಇಳಿಯದು. ಒಂದು ಇಗರ್ಜಿಯ ವಿದ್ಯುತ್ ಬಿಲ್ಲು ಅರ್ಧವಾದರೆ ಭೂಮಿಗೆ ಅದು ತಿಳಿಯುವುದೂ ಇಲ್ಲ. ಆದರೆ ಗಲ್ಲಿಯ ಆ ಹೆಂಗಸಿಗೆ ತಿಳಿಯುತ್ತದೆ. ಇಲ್ಲಿ ಧರ್ಮಕೇಂದ್ರದ ಗಡಿ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಧರ್ಮಕೇಂದ್ರ ಸಾಮಾನ್ಯವಾಗಿ ಭೂಪ್ರದೇಶವನ್ನು ಆಧರಿಸಿರಬೇಕೆಂದು ಸಂಹಿತೆಯ 518ನೆಯ ವಿಧಿ ಹೇಳುತ್ತದೆ. ಭೂಪ್ರದೇಶವೆಂದ ಮೇಲೆ ನೀರು ಹರಿಯುವ ದಾರಿಯೂ ಅದಕ್ಕೆ ಸೇರಿದ್ದೇ ತಾನೇ?

ಹಾಗೆ ಯೋಚಿಸಿದ ಒಬ್ಬ ಪಾದ್ರಿ ನಮ್ಮ ನೆರೆಯ ಜಿಲ್ಲೆಯಲ್ಲೇ ಇದ್ದರು. ಸ್ವಿಟ್ಜರ್ಲೆಂಡಿನ ಯೇಸುಸಭೆಯ ಹರ್ಮನ್ ಬಾಖರ್ 1948ರಲ್ಲಿ ಭಾರತಕ್ಕೆ ಬಂದವರು. ಅವರ ಕರ್ಮಭೂಮಿ ಅಹ್ಮದ್‌ನಗರ, ಈಗಿನ ಅಹಿಲ್ಯಾನಗರ ಜಿಲ್ಲೆ. ಬರಗಾಲದಲ್ಲಿ ಗೋಧಿ, ಎಣ್ಣೆ ಹಂಚುವುದು ಪುಣ್ಯಕಾರ್ಯ. ಆದರೆ ಮುಂದಿನ ಬರಗಾಲಕ್ಕೆ ಅದೇ ಸಾಲಿನಲ್ಲಿ ಅದೇ ಜನ ನಿಂತಿರುತ್ತಾರೆ. ಬಾಖರ್ ಅವರು ಗುಡ್ಡದ ನೆತ್ತಿಯನ್ನು ನೋಡಿದರು. ಅಲ್ಲಿಂದ ಕಣಿವೆಯವರೆಗೆ ಸಮಪಾತಳಿಯಲ್ಲಿ ಕಂದಕ ತೋಡಿ, ಬದು ಹಾಕಿ, ಹುಲ್ಲು ಮರ ಬೆಳೆಸಿ, ಓಡುವ ನೀರನ್ನು ನಡೆಯುವಂತೆ ಮಾಡುವುದು, ನಡೆಯುವುದನ್ನು ನಿಲ್ಲಿಸಿ ಇಂಗಿಸುವುದು. ಇಂಡೋ-ಜರ್ಮನ್ ಜಲಾನಯನ ಕಾರ್ಯಕ್ರಮ ಅವರ ಪ್ರಯತ್ನದಿಂದ ರೂಪುಗೊಂಡಿತು; ಅದಕ್ಕೆ ಬೆಂಬಲವಾಗಿ 1993ರಲ್ಲಿ ಸ್ಥಾಪಿತವಾದ ಜಲಾನಯನ ಸಂಸ್ಥೆ 'ವಾಟರ್' ಇಂದಿಗೂ ಪುಣೆಯಿಂದ ಕೆಲಸ ಮಾಡುತ್ತದೆ. ಅವರು 2021ರಲ್ಲಿ ತೀರಿಕೊಂಡರು.

ಸಂಗಮನೇರ ತಾಲ್ಲೂಕಿನ ದರೇವಾಡಿಯನ್ನು ಒಮ್ಮೆ ನೋಡಿದ್ದೇನೆ. 1990ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಕೆಲಸ ಆರಂಭವಾದಾಗ ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ ಬೇಸಾಯದ ಕೂಲಿ ಇತ್ತು, ಕುಡಿಯುವ ನೀರಿಗೆ ಟ್ಯಾಂಕರ್. ಕೆಲವು ವರ್ಷಗಳಲ್ಲಿ ಕೂಲಿ ಒಂಬತ್ತು ಹತ್ತು ತಿಂಗಳಿಗೆ ಏರಿತು. ಇದು ಪುಕ್ಕಟೆ ಬಂದದ್ದಲ್ಲ. ಮೊದಲು ಶ್ರಮದಾನ, ಆಮೇಲೆ ಹಣ. ಮರ ಕಡಿಯಬಾರದು, ಬೇಕೆಂದಲ್ಲಿ ಮೇಯಿಸಬಾರದು. ಮೇಯಿಸಬಾರದೆಂದರೆ ಕುರಿ ಮೇಕೆಯನ್ನೇ ನಂಬಿದ ಮನೆ ಏನು ಮಾಡಬೇಕು? ಊರು ಅದನ್ನು ಚರ್ಚಿಸಿ, ಗುಡ್ಡವನ್ನು ಒಮ್ಮೆಲೇ ಮುಚ್ಚದೆ ಹಂತ ಹಂತವಾಗಿ ಮುಚ್ಚಿತು. ಕಂದಕಕ್ಕಿಂತ ಕಷ್ಟದ ಕೆಲಸ ಈ ಮಾತುಕತೆಯೇ ಎಂದು ನನಗೆ ತೋರುತ್ತದೆ. ಮತ್ತೊಂದು ವಿಷಯ: ಈ ಕಾರ್ಯಕ್ರಮದ ಹಳ್ಳಿಗಳ ರೈತರಲ್ಲಿ ಬಹುಪಾಲು ಜನ ಇಗರ್ಜಿಯ ದಫ್ತರಿನಲ್ಲಿ ಹೆಸರಿಲ್ಲದವರು. ಆ ಪಾದ್ರಿ ತಮ್ಮ ಕೆಲಸದ ಗಡಿಯನ್ನು ಗುಡ್ಡದ ಏಣಿನಿಂದ ಗುರುತಿಸಿದರು.

ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಟ್ಟರೆ ನನ್ನ ಉದ್ಯೋಗಕ್ಕೆ ಅಪಚಾರ. ಪಶ್ಚಿಮ ಘಟ್ಟದ ಕುರಿತ ಮಾಧವ ಗಾಡ್ಗೀಳ್ ಸಮಿತಿಯ ವರದಿ 2011ರಲ್ಲಿ ಸಲ್ಲಿಕೆಯಾಯಿತು. ಗಾಡ್ಗೀಳರು ಹುಟ್ಟಿದ್ದು ಈ ಪುಣೆಯಲ್ಲೇ, ದುಡಿದದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ, ನಡೆದಾಡಿದ್ದು ಉತ್ತರ ಕನ್ನಡದ ಕಾಡುಗಳಲ್ಲಿ. ಅವರ ವರದಿಯನ್ನೂ ನಂತರದ ಕಸ್ತೂರಿರಂಗನ್ ವರದಿಯನ್ನೂ ವಿರೋಧಿಸಿ 2013ರಲ್ಲಿ ಕೇರಳದ ಇಡುಕ್ಕಿ, ತಾಮರಶ್ಶೇರಿಗಳಲ್ಲಿ ನಡೆದ ಚಳವಳಿಯ ಮುಂಚೂಣಿಯಲ್ಲಿ ಧರ್ಮಗುರುಗಳಿದ್ದರು. ಸಣ್ಣ ರೈತರ ಭಯ ಸುಳ್ಳಾಗಿರಲಿಲ್ಲ: ಒಕ್ಕಲೆಬ್ಬಿಸುವರೆಂಬ ಶಂಕೆ, ತಮ್ಮ ಭಾಷೆಯಲ್ಲಿಲ್ಲದ ದಪ್ಪ ವರದಿ. ಅದನ್ನು ಮೊದಲು ಗ್ರಾಮಸಭೆಗಳ ಮುಂದಿಡಬೇಕೆಂದು ಸಮಿತಿಯೇ ಬಯಸಿದ್ದರೂ, ಮಾಹಿತಿ ಹಕ್ಕಿನ ಅರ್ಜಿ ನ್ಯಾಯಾಲಯದವರೆಗೆ ಹೋದ ಮೇಲಷ್ಟೇ 2012ರಲ್ಲಿ ಅದು ಬೆಳಕಿಗೆ ಬಂತು. ಆ ವಿಳಂಬದ ಪಾಪ ನಮ್ಮ ಸರ್ಕಾರಿ ಬಳಗದ್ದು. ಆದರೆ ಆ ಭಯವನ್ನು ಹೋಗಲಾಡಿಸುವ ಸಾಮರ್ಥ್ಯ ಯಾರಿಗಿತ್ತು? ವಾರಕ್ಕೊಮ್ಮೆ ಜನ ಕೂಡುವ, ಮಲಯಾಳದಲ್ಲಿ ಓದಿ ಹೇಳಬಲ್ಲ ಧರ್ಮಕೇಂದ್ರಗಳಿಗೆ. ಅವು ವರದಿಯನ್ನು ಓದಿ ಹೇಳುವ ಬದಲು ಮೆರವಣಿಗೆ ಹೊರಡಿಸಿದವು.

2014ರ ಜುಲೈ 30ರಂದು ನಮ್ಮದೇ ಪುಣೆ ಜಿಲ್ಲೆಯ ಅಂಬೇಗಾಂವ್ ತಾಲ್ಲೂಕಿನ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಕುಸಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸರಿಯಾಗಿ ಹತ್ತು ವರ್ಷಗಳ ನಂತರ, 2024ರ ಜುಲೈ 30ರಂದು, ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ವಿಪತ್ತಿನ ದಿನ ಇಗರ್ಜಿಯ ಬಾಗಿಲು ತೆರೆಯುತ್ತದೆ, ಅನ್ನ ಬೇಯುತ್ತದೆ, ಅದರಲ್ಲಿ ಸಂಶಯವಿಲ್ಲ. 2018ರ ಕೇರಳದ ಪ್ರವಾಹದಲ್ಲೂ ಕಂಡಿದ್ದೇವೆ. ವಿಪತ್ತಿಗೆ ಹತ್ತು ವರ್ಷ ಮೊದಲು ಅದೇ ಇಗರ್ಜಿ ಯಾವ ಕಾಗದಕ್ಕೆ ಸಹಿ ಹಾಕಿತು ಎಂಬುದನ್ನೂ ದಫ್ತರಿನಲ್ಲಿ ಬರೆದಿಡಬೇಕೆಂಬುದು ನನ್ನ ಆಗ್ರಹ. ಇದನ್ನು ನನ್ನ ಬಾಂಧವರ ಮುಂದೆ ಹೇಳಿದಾಗ ಕೆಲವರು ಮುನಿಸಿಕೊಂಡರು.

ಇನ್ನುಳಿದದ್ದು ಬಿಡಿ ವಿಷಯಗಳು. ಬಿಸಿಲು ಏರುತ್ತಿರುವಾಗ ಮಧ್ಯಾಹ್ನದ ಮೆರವಣಿಗೆಯನ್ನು ಮುಂಜಾವಕ್ಕೆ ತರಬಹುದು. ಇಗರ್ಜಿಯ ಗೋಡೆಗೆ ತಾಗಿ ಕೂರುವ ತರಕಾರಿಯವರಿಗೆ, ಕಟ್ಟಡದ ಕೂಲಿಗಳಿಗೆ (ಅವರಲ್ಲಿ ಎಷ್ಟು ಜನ ನಮ್ಮ ಕಲಬುರಗಿ, ವಿಜಯಪುರದವರೆಂದು ನಿಮಗೆ ಗೊತ್ತೇ ಇದೆ) ನೆರಳೂ ನೀರೂ ಸಿಗುವಂತೆ ಬೇಸಿಗೆಯಲ್ಲಿ ಗೇಟು ತೆರೆದಿಡಬಹುದು. ಗೇಟು ತೆರೆದಿಡಲು ಖರ್ಚಿಲ್ಲ, ಧೈರ್ಯ ಬೇಕು. ಊರಿನ ಇಗರ್ಜಿಗಳಿಗೆ ನನ್ನ ಕೋರಿಕೆ ಬೇರೆ: ತೆನೆ ಹಬ್ಬಕ್ಕಾದರೂ ಇಗರ್ಜಿಯ ಜಮೀನಿನಲ್ಲಿ ಒಂದು ಗದ್ದೆಯನ್ನು ಉಳಿಸಿ, ಮಕ್ಕಳಿಂದ ನಾಟಿ ಮಾಡಿಸಿ, ನಾಟಿಯ ತಾರೀಖು, ತೆನೆ ಬಂದ ತಾರೀಖು ಎರಡನ್ನೂ ಜ್ಞಾನಸ್ನಾನದ ದಫ್ತರಿನ ಪಕ್ಕದಲ್ಲೇ ಇನ್ನೊಂದು ದಫ್ತರಿನಲ್ಲಿ ಬರೆದಿಡಿ. ಐವತ್ತು ವರ್ಷದ ನಂತರ ಪಾಷಾಣದ ವಿಜ್ಞಾನಿಗಳೇ ಅದನ್ನು ಹುಡುಕಿಕೊಂಡು ಬರಬಹುದು.

ಈ ವರ್ಷ ಮತ್ತೆ ನಾನು ಸಮಿತಿಯಲ್ಲಿದ್ದೇನೆ. ಬರುವ ಭಾನುವಾರ ಪೂಜೆಯ ನಂತರ ಸಭೆ. ಕಾರ್ಯಸೂಚಿಯ ಮೂರನೆಯ ವಿಷಯ ಇಗರ್ಜಿಯೊಳಗೆ ಹವಾನಿಯಂತ್ರಕ, ದಾನಿಗಳು ಸಿದ್ಧರಿದ್ದಾರೆ. ನಾಲ್ಕನೆಯದು ಉಳಿದ ಮೂರು ಪಟ್ಟಿಗಳಿಗೂ ಬ್ಲಾಕು. ಭಿನ್ನಮತದ ಟಿಪ್ಪಣಿಯನ್ನು ಬರೆದಿಟ್ಟುಕೊಂಡಿದ್ದೇನೆ, ಒಂದೂವರೆ ಪುಟ. ಮತಕ್ಕೆ ಹಾಕಿದರೆ ಗೆಲ್ಲುವ ಲಕ್ಷಣ ಕಾಣುವುದಿಲ್ಲ. ಸಭೆಗೆ ಗಲ್ಲಿಯ ಆ ಮಹಿಳೆಯನ್ನೂ ಆಹ್ವಾನಿಸಬೇಕೆಂದು ಗುರುಗಳಿಗೆ ಪತ್ರ ಕೊಟ್ಟಿದ್ದೆ. ನಿನ್ನೆ ಸಂಜೆ ಉತ್ತರ ಬಂತು: ಕರೆತನ್ನಿ.